ಹತ್ತು ವರ್ಷದಿಂದ ದಿನಾ ಕುಡಿಯುವ ಅಣ್ಣ ನಾಳೆಯಿಂದ ಪೂರ್ತಿ ಬಿಡ್ತೀನಿ ಅಂತಿದ್ದಾನೆ. ಬೆಳಿಗ್ಗೆ ಎದ್ದರೆ ಅವನ ಕೈ ನಡುಗುತ್ತದೆ. ನಾಚಿಕೆಯಿಂದ ಯಾರಿಗೂ ಹೇಳಿಲ್ಲ. ಮನೆಯಲ್ಲೇ ಬಿಡಿಸಬಹುದಾ?

ಬೇಡ. ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿಯೇ ನಾನು ಉತ್ತರ ಬರೆಯಲು ಕೂತಿದ್ದು.

ನನಗೂ ಹಾಗೇ ಆಗುತ್ತಿತ್ತು. ಸಹಿ ಹೊಂದುತ್ತಿಲ್ಲ ಅಂತ ಬ್ಯಾಂಕಿನಿಂದ ಚೆಕ್ ವಾಪಸ್ ಬಂದಿತ್ತು. ಎರಡು ಪೆಗ್ ಹಾಕಿಕೊಂಡರೆ ಸಹಿ ಮುದ್ದಾಗಿ ಬೀಳುತ್ತಿತ್ತು! ಆಗ ಅದು ತಮಾಷೆ ಅನಿಸಿತ್ತು. ಒಂದು ದಿನ ಹಠಕ್ಕೆ ಬಿದ್ದು ಇದ್ದಬದ್ದ ಬಾಟಲಿಯನ್ನೆಲ್ಲ ಸಿಂಕಿಗೆ ಸುರಿದೆ. ಮೊದಲ ದಿನ ಬೆವರು, ವಾಂತಿ. ಎರಡನೇ ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೇ ದಿನ ಗೋಡೆ ತುಂಬ ಇರುವೆ. ಪೊರಕೆ ಹಿಡಿದು ಗುಡಿಸುತ್ತಾ ನಿಂತಿದ್ದೆ. ಹೆಂಡತಿ ಬಂದು, "ಏನ್ರೀ ಗುಡಿಸ್ತಿದ್ದೀರಿ?" ಅಂದಳು. ಗೋಡೆ ಮೇಲೆ ಒಂದು ಇರುವೆಯೂ ಇರಲಿಲ್ಲ. ಅವತ್ತೇ ಆಸ್ಪತ್ರೆಗೆ ಸೇರಿಸಿದಳು.

ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಮದ್ಯ ಮೆದುಳನ್ನು ನಿಧಾನ ಮಾಡುತ್ತದೆ. ದಿನಾ ಹಾಗೆ ಆದರೆ ಮೆದುಳು ಅದನ್ನು ಸರಿದೂಗಿಸಲು ತಾನೇ ಜಾಸ್ತಿ ಚುರುಕಾಗಿ ಓಡುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಒಮ್ಮೆಲೇ ಕುಡಿತ ನಿಂತರೆ ತಡೆ ಹೋಯಿತು, ಓಟ ಹಾಗೇ ಉಳಿಯಿತು. ನಡುಕ, ಬೆವರು ಅದರಿಂದಲೇ. ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2ರಿಂದ 4ನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಯಾರು ಏನು ಅಂತ ಗೊತ್ತಾಗುವುದಿಲ್ಲ. ಇದಕ್ಕೆ ಚಿಕಿತ್ಸೆ ಸಿಗದೆ ಸತ್ತವರಿದ್ದಾರೆ. ಆಸ್ಪತ್ರೆಯಲ್ಲಿ ಕೆಲವು ದಿನ ಮಾತ್ರೆ ಕೊಟ್ಟು ಅದರ ಡೋಸ್ ಹಂತ ಹಂತವಾಗಿ ಇಳಿಸುತ್ತಾರೆ, ಜೊತೆಗೆ ಬಿ1 ವಿಟಮಿನ್ ಕೊಡುತ್ತಾರೆ. ಇದು ಮನಸ್ಸು ಗಟ್ಟಿ ಮಾಡಿಕೊಂಡರೆ ಆಗುವ ಕೆಲಸ ಅಲ್ಲ.

ಊಟದಲ್ಲಿ ಗೊತ್ತಾಗದ ಹಾಗೆ ಪುಡಿ ಬೆರೆಸಿ ಕೊಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಅದು ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆಯ ಪುಡಿಯಾಗಿದ್ದರೆ, ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಮದ್ಯ ಕುಡಿಯುವವರಿಗೆ ತಿಳಿಸಿ, ಅವರು ಒಪ್ಪಿದ ಮೇಲೇ ಆ ಮಾತ್ರೆ ಕೊಡಬೇಕು. ನಿದ್ದೆ ಮಾತ್ರೆಯನ್ನೂ ನೀವೇ ಕೊಡಬೇಡಿ. ಮದ್ಯದ ಜೊತೆ ಸೇರಿದರೆ ಉಸಿರಾಟವೇ ನಿಧಾನ ಆಗುತ್ತದೆ.

ನಾಚಿಕೆಯಿಂದ ಯಾರಿಗೂ ಹೇಳಿಲ್ಲ ಅಂದಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಕುಡಿತದ ಕಾಯಿಲೆ ಇತ್ತು. ಅದೇ ವರ್ಷ ಮದ್ಯದಿಂದ 26 ಲಕ್ಷ ಸಾವು. ನಮ್ಮ ಮನೆಯವರೊಬ್ಬರೇ ಹೀಗೆ ಅಂದುಕೊಳ್ಳುವುದು ಸುಮ್ನೆ, ಅಲ್ವಾ?

ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯ ಹುಡುಗನದು ಹೆರಾಯಿನ್. ಅವನಿಗೆ ನರ್ಸ್ ದಿನಾ ಒಂದೇ ಮಾತು ಹೇಳುತ್ತಿದ್ದರು: ಬಿಟ್ಟ ಮೇಲೆ ಎಂದಾದರೂ ಎಡವಿದರೆ ಹಳೇ ಪ್ರಮಾಣ ಮಾತ್ರ ತಗೋಬೇಡ. ಬಿಟ್ಟ ಕೆಲವೇ ವಾರದಲ್ಲಿ ದೇಹ ಅದನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಮೊದಲು ಮಾಮೂಲಿಯಾಗಿದ್ದ ಡೋಸೇ ಕೊಲ್ಲಬಹುದು.

ಇವತ್ತು ರಾತ್ರಿ ಅಣ್ಣನ ಬಾಟಲಿ ಕಿತ್ತುಕೊಳ್ಳಲು ಹೋಗಬೇಡಿ. ಫಿಟ್ಸ್ ಬಂದರೆ, ಏನೇನೋ ಮಾತಾಡಲು ಶುರು ಮಾಡಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಡಾಕ್ಟರ್ ಹತ್ತಿರ ನೀವೂ ಒಳಗೆ ಹೋಗಿ. ದಿನಕ್ಕೆ ಎಷ್ಟು ಅಂತ ಕೇಳಿದಾಗ ನಾನು "ಮೂರು ಪೆಗ್" ಅಂದಿದ್ದೆ. ಹಿಂದೆ ನಿಂತಿದ್ದ ಹೆಂಡತಿ ಏಳು ಬೆರಳು ತೋರಿಸಿದ್ದಳು.