ತೋಟ ತುಂಡಾಗದ ಹಾಗೆ

ಪ್ರಶ್ನೆ: ಅಣ್ಣತಮ್ಮಂದಿರ ಪಾಲಿನಲ್ಲಿ ನಮ್ಮ ಕಾಫಿ ತೋಟ ತುಂಡಾಗುತ್ತಿದೆ. ಫಿಲಿಪೀನ್ಸ್‌ನ ಅಯಾಲಾ ಕುಟುಂಬ ತಲೆಮಾರುಗಳಿಂದ ಆಸ್ತಿಯನ್ನು ಉಳಿಸಿಕೊಂಡದ್ದು ಹೇಗೆ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: 1834ರಲ್ಲಿ ಮನಿಲಾದಲ್ಲಿ ಡೊಮಿಂಗೊ ರೋಹಾಸ್ ಮತ್ತು ಆಂಟೋನಿಯೊ ದೆ ಅಯಾಲಾ ಕೂಡಿ ಆರಂಭಿಸಿದ ವ್ಯಾಪಾರವೇ ಈ ಮನೆತನದ ಬೇರು. 1851ರಲ್ಲಿ ಮನಿಲಾದ ಪಕ್ಕದ ಮಕಾಟಿಯಲ್ಲಿ ಕೊಂಡ ಜಮೀನನ್ನು ಎರಡನೇ ಮಹಾಯುದ್ಧದ ನಂತರ, ಕುಟುಂಬದ ಅಳಿಯ ಜೋಸೆಫ್ ಮೆಕ್‌ಮಿಕಿಂಗ್ ಅವರ ಮುಂದಾಳತ್ವದಲ್ಲಿ ಸಮಗ್ರ ನಕ್ಷೆ ಹಾಕಿ ನಗರವಾಗಿ ಬೆಳೆಸಲಾಯಿತು. ಅಲ್ಲಿದ್ದ ಹಳೆಯ ವಿಮಾನ ನಿಲ್ದಾಣದ ರನ್‌ವೇಗಳೇ ಇಂದು ಗಗನಚುಂಬಿ ಕಟ್ಟಡಗಳ ನಡುವಿನ ಅಯಾಲಾ ಅವೆನ್ಯೂ ಮತ್ತು ಪಸೆಯೊ ದೆ ರೋಹಾಸ್ ಎಂಬ ರಸ್ತೆಗಳಾಗಿವೆ. ಮುಖ್ಯವಾದ ಸಂಗತಿಯೆಂದರೆ, ವಾರಸುದಾರರ ಪಾಲು ನೆಲದಲ್ಲಿ ಅಲ್ಲ, ಮೆರ್ಮ್ಯಾಕ್ ಎಂಬ ಕುಟುಂಬದ ಕಂಪನಿಯ ಮೂಲಕ ಷೇರುಗಳಲ್ಲಿದೆ. ಇಡೀ ಒಕ್ಕಕ್ಕೆ, ಅಂದರೆ ಕೊಡವ ಮನೆತನಕ್ಕೆ, ಸೇರಿದ ಪೂರ್ವಜರ ಮನೆಯಾದ ಐನ್‌ಮನೆಯಲ್ಲಿ ಕೂಡಿ ಉಂಡ ನಮಗೆ ಈ ಕಲ್ಪನೆ ಅಪರಿಚಿತವಲ್ಲ. ತೋಟಕ್ಕೆ ಅಳತೆಗಾರರನ್ನು ಕರೆಸುವ ಮೊದಲು ಪಾಲುದಾರಿಕೆ ಸಂಸ್ಥೆಯ ಸಾಧ್ಯತೆಯನ್ನು ದಯವಿಟ್ಟು ವಕೀಲರಲ್ಲಿ ವಿಚಾರಿಸಿ. ನಿಮ್ಮದು ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆಯಾದರೆ ಕಾನೂನಿನ ತೊಡಕು ಬೇರೆಯೇ ಇರುವುದರಿಂದ ದಾಖಲೆಗಳನ್ನೂ ಜೊತೆಗೆ ಒಯ್ಯಿರಿ.