ಇಂಡೋನೇಷ್ಯಾದ ಜಿಲ್ಲೆಗಳಲ್ಲಿ ಉಡುಪಿನ ಕಾನೂನು: ತುಮಕೂರಿನಿಂದ ಒಂದು ಪ್ರಶ್ನೆ

ಪ್ರಶ್ನೆ: ಮಾನ್ಯರೇ, ತುಮಕೂರಿನ ಚಿಕ್ಕಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷಗಳಿಂದ ಶಾಲಾ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದೇನೆ. ಇಂಡೋನೇಷ್ಯಾದ ಕೆಲವು ಜಿಲ್ಲೆಗಳವರು ತಮ್ಮದೇ ಕಾನೂನು ಮಾಡಿಕೊಂಡು, ಶಾಲೆಯ ಹುಡುಗಿಯರೂ ಕಚೇರಿಯ ಹೆಂಗಸರೂ ಇಸ್ಲಾಮೀ ಉಡುಪನ್ನೇ ತೊಡಬೇಕೆಂದು ಕಡ್ಡಾಯ ಮಾಡಿದ್ದಾರೆಂದು ಅಂಗಡಿಯಲ್ಲಿ ಮಾತು ಬಂತು. ಇದು ನಿಜವೇ? ಒಂದು ಜಿಲ್ಲೆಗೆ ಆ ಅಧಿಕಾರ ಎಲ್ಲಿಂದ ಬಂತು? ಬೇರೆ ಧರ್ಮದವರಿಗೂ ಇದು ಅನ್ವಯಿಸುತ್ತದೆಯೇ? ನಾಳೆ ನಮ್ಮ ಮಹಾನಗರ ಪಾಲಿಕೆಯೂ ಉಡುಪಿನ ಬಗ್ಗೆ ಕಾನೂನು ಮಾಡಬಹುದೇ? ಇನ್ನೊಂದು ಮಾತು: ಕಳೆದ ವರ್ಷ ಶಾಲೆಯೊಂದು ಬೇಸಿಗೆ ರಜೆಯ ನಡುವೆ ಬಾಯಿಮಾತಿನಲ್ಲೇ ಮಾದರಿ ಬದಲಿಸಿದ್ದರಿಂದ ನಾನು ಹೊಲಿದಿಟ್ಟಿದ್ದ ನಲವತ್ತು ಜೊತೆ ಬಟ್ಟೆ ಮೂಲೆ ಸೇರಿತು. ಅದಕ್ಕೆ ಕೇಳುವವರು ಯಾರೂ ಇಲ್ಲವೇ?
— ಒಬ್ಬ ಓದುಗ, ತುಮಕೂರು

ಉತ್ತರ: ನೀವು ಕೇಳಿದ್ದು ನಿಜ. ಆದರೆ ಅದು ಇಡೀ ಇಂಡೋನೇಷ್ಯಾದ ಕಾನೂನಲ್ಲ. 1998ರಲ್ಲಿ ಅಧ್ಯಕ್ಷ ಸುಹಾರ್ತೋ ಅಧಿಕಾರದಿಂದ ಇಳಿದ ಮೇಲೆ, ಅದುವರೆಗೆ ಜಕಾರ್ತಾದಲ್ಲೇ ಕಟ್ಟಿಹಾಕಿದ್ದ ಆಡಳಿತವನ್ನು 1999ರ ಕಾನೂನಿನ ಮೂಲಕ ಜಿಲ್ಲೆಗಳಿಗೂ ನಗರಗಳಿಗೂ ಹಂಚಲಾಯಿತು. ಅಲ್ಲಿನ ಸ್ಥಳೀಯ ಕಾನೂನಿಗೆ ‘ಪೆರ್ದಾ’ ಎಂಬ ಹೆಸರಿದೆ. ಧರ್ಮದ ವಿಷಯವು ಕೇಂದ್ರ ಸರ್ಕಾರಕ್ಕೇ ಮೀಸಲೆಂದು ಆ ಕಾನೂನಿನಲ್ಲಿ ಬರೆದಿದ್ದರೂ, ಅದನ್ನು ಶಿಕ್ಷಣ, ಶಿಸ್ತು, ಸಾರ್ವಜನಿಕ ಸುವ್ಯವಸ್ಥೆ ಎಂಬ ಬೇರೆ ತಲೆಬರಹಗಳ ಅಡಿಯಲ್ಲಿ ತರಲು ಜಿಲ್ಲೆಗಳಿಗೆ ತಡವಾಗಲಿಲ್ಲ. ದಕ್ಷಿಣ ಸುಲಾವೆಸಿಯ ಬುಲುಕುಂಬಾ ಜಿಲ್ಲೆ 2003ರಲ್ಲೇ ಮುಸ್ಲಿಂ ಉಡುಪಿನ ಬಗ್ಗೆ ಪ್ರತ್ಯೇಕ ಪೆರ್ದಾ ಮಾಡಿತು. ವಿಶೇಷ ಸ್ವಾಯತ್ತತೆ ಪಡೆದ ‘ಆಚೆ’ ಎಂಬ ಪ್ರಾಂತ್ಯದ ಮಾತು ಬೇರೆ. ಅಲ್ಲಿ 2002ರ ಕಾನೂನು ಪ್ರತಿ ಮುಸ್ಲಿಮನೂ ಇಸ್ಲಾಮೀ ಉಡುಪು ತೊಡಬೇಕೆಂದು ನೇರವಾಗಿಯೇ ಹೇಳುತ್ತದೆ. ಸರ್ಕಾರಿ ಕಚೇರಿ, ಶಾಲೆ, ವ್ಯಾಪಾರ ಸಂಸ್ಥೆಗಳ ಮುಖ್ಯಸ್ಥರು ತಮ್ಮಲ್ಲಿ ಆ ಉಡುಪನ್ನು ರೂಢಿಗೆ ತರಬೇಕೆಂಬ ಹೊಣೆಯನ್ನೂ ಹೊರಿಸುತ್ತದೆ. ಅದರ ಪಾಲನೆಯನ್ನು ನೋಡಿಕೊಳ್ಳಲು ‘ವಿಲಾಯತುಲ್ ಹಿಸ್ಬಾ’ ಎಂಬ ಷರಿಯಾ ಪೊಲೀಸ್ ದಳವೂ ಇದೆ. ನಿಮ್ಮ ವೃತ್ತಿಯವರಿಗೆ ಕುತೂಹಲವೆನಿಸಬಹುದಾದ ಸಂಗತಿಯೊಂದಿದೆ: 2010ರಲ್ಲಿ ಪಶ್ಚಿಮ ಆಚೆ ಜಿಲ್ಲೆಯ ಆಡಳಿತವು ಹೆಂಗಸರು ಬಿಗಿಯಾದ ಪ್ಯಾಂಟು ತೊಡುವುದನ್ನೂ ಅಂಗಡಿಯವರು ಅದನ್ನು ಮಾರುವುದನ್ನೂ ನಿಷೇಧಿಸಿ, ಹಂಚುವುದಕ್ಕೆಂದು ಸುಮಾರು 20,000 ಉದ್ದ ಲಂಗಗಳನ್ನು ಸಿದ್ಧಪಡಿಸಿತ್ತು.

ಈ ಉಡುಪಿನ ಮುಖ್ಯ ಭಾಗವಾದ ‘ಜಿಲ್ಬಾಬ್’ ಎಂದರೆ ನಾವು ಇಲ್ಲಿ ನೋಡುವ ಬುರ್ಖಾ ಅಲ್ಲ. ಕೂದಲು, ಕಿವಿ, ಕುತ್ತಿಗೆ ಮುಚ್ಚುವಂತೆ ಸುತ್ತಿ, ಗದ್ದದ ಕೆಳಗೆ ಪಿನ್ನು ಹಾಕಿ, ಎದೆಯ ಮೇಲೆ ಇಳಿಬಿಡುವ ವಸ್ತ್ರ ಅದು. ಮುಖ ಕಾಣುತ್ತದೆ. ಜೊತೆಗೆ ತುಂಬು ತೋಳಿನ ಅಂಗಿ, ಪಾದದವರೆಗೆ ಲಂಗ.

ಬೇರೆ ಧರ್ಮದವರ ಬಗ್ಗೆ ನೀವು ಕೇಳಿದ್ದಕ್ಕೆ ಪಶ್ಚಿಮ ಸುಮಾತ್ರಾದ ಪಡಾಂಗ್ ನಗರದಲ್ಲಿ ನಡೆದದ್ದನ್ನು ಹೇಳಬೇಕು. ಅಲ್ಲಿನ ಮೇಯರ್ 2005ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಜಿಲ್ಬಾಬ್ ಕಡ್ಡಾಯವಾಗಿದ್ದುದು ಮುಸ್ಲಿಂ ವಿದ್ಯಾರ್ಥಿನಿಯರಿಗೆ ಮಾತ್ರ. ಉಳಿದವರು ‘ಹೊಂದಿಕೊಂಡರೆ ಒಳ್ಳೆಯದು’ ಎಂಬ ಧಾಟಿಯ ಸಲಹೆಯಷ್ಟೇ ಅದರಲ್ಲಿತ್ತು. ಸರ್ಕಾರಿ ಕಾಗದದಲ್ಲಿ ಸಲಹೆ ಎಂದು ಬರೆದದ್ದು ಮುಖ್ಯೋಪಾಧ್ಯಾಯರ ಕೊಠಡಿ ತಲುಪುವಷ್ಟರಲ್ಲಿ ಏನಾಗುತ್ತದೆಂಬುದು ನಮ್ಮ ಕಚೇರಿಗಳನ್ನು ಕಂಡವರಿಗೆ ಹೊಸದಲ್ಲ. 2021ರ ಜನವರಿಯಲ್ಲಿ ಆ ನಗರದ ಸರ್ಕಾರಿ ವೃತ್ತಿಶಿಕ್ಷಣ ಶಾಲೆಯೊಂದು ಕ್ರೈಸ್ತ ಹುಡುಗಿಯೊಬ್ಬಳ ತಂದೆಯನ್ನು ಕರೆಸಿ, ನಿಯಮ ಎಲ್ಲರಿಗೂ ಒಂದೇ ಎಂದಿತು. ಅವರು ಆ ಮಾತುಕತೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚಿಕೊಂಡರು, ದೇಶವೆಲ್ಲ ಅದನ್ನು ನೋಡಿತು, ಮುಖ್ಯೋಪಾಧ್ಯಾಯರು ಕ್ಷಮೆ ಕೇಳಿದರು. ಫೆಬ್ರವರಿ 3ರಂದು ಶಿಕ್ಷಣ, ಗೃಹ ಮತ್ತು ಧಾರ್ಮಿಕ ವ್ಯವಹಾರಗಳ ಮೂವರು ಸಚಿವರು ಜಂಟಿ ಆದೇಶ ಹೊರಡಿಸಿ, ಸರ್ಕಾರಿ ಶಾಲೆಗಳಲ್ಲಿ ಧಾರ್ಮಿಕ ಉಡುಪನ್ನು ಕಡ್ಡಾಯ ಮಾಡುವುದೂ ಸಲ್ಲದು, ನಿಷೇಧಿಸುವುದೂ ಸಲ್ಲದು ಎಂದರು. ಆಚೆ ಪ್ರಾಂತ್ಯಕ್ಕೆ ಮಾತ್ರ ವಿನಾಯಿತಿ ಇತ್ತು. ಪಶ್ಚಿಮ ಸುಮಾತ್ರಾದ ಸಾಂಪ್ರದಾಯಿಕ ಸಮುದಾಯ ಸಂಸ್ಥೆಯೊಂದು ಅದನ್ನು ಪ್ರಶ್ನಿಸಿತು, ಮತ್ತು ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿತು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 2014ರ ಸಮವಸ್ತ್ರ ನಿಯಮ. ಶಿಕ್ಷಣ ಸಚಿವಾಲಯದ ಆ ನಿಯಮದಲ್ಲಿ ಆಯ್ಕೆಗೆ ಅವಕಾಶವಿತ್ತು. ಅದಕ್ಕೆ ಲಗತ್ತಿಸಿದ್ದ ಚಿತ್ರಗಳಲ್ಲಿ ಮುಸ್ಲಿಂ ಹುಡುಗಿಯ ಸಮವಸ್ತ್ರವೆಂದು ತೋರಿಸಿದ್ದುದು ಜಿಲ್ಬಾಬ್ ಮತ್ತು ಉದ್ದ ಲಂಗ. ಅನೇಕ ಕಡೆಗಳಲ್ಲಿ ಅಧಿಕಾರಿಗಳೂ ಶಾಲೆಗಳೂ ಪಠ್ಯವನ್ನು ಬಿಟ್ಟು ಚಿತ್ರವನ್ನು ಹಿಡಿದರು. ಮಾದರಿ ಬಟ್ಟೆಯೊಂದನ್ನು ತಂದು ಕೌಂಟರಿನ ಮೇಲಿಟ್ಟರೆ, ಜೊತೆಗೆ ಕೊಟ್ಟ ಚೀಟಿಯನ್ನು ಯಾರೂ ಓದುವುದಿಲ್ಲವೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ವಿಚಿತ್ರವೆಂದರೆ, 1982ರ ಸುಹಾರ್ತೋ ಕಾಲದ ಸಮವಸ್ತ್ರ ನಿಯಮದಡಿ ಇದೇ ದೇಶದ ಸರ್ಕಾರಿ ಶಾಲೆಗಳಲ್ಲಿ ಜಿಲ್ಬಾಬ್ ತೊಟ್ಟ ಹುಡುಗಿಯರನ್ನು ಹೊರಗಿಡಲಾಗುತ್ತಿತ್ತು. 1991ರಲ್ಲಷ್ಟೇ ಅದಕ್ಕೆ ಅನುಮತಿ ಸಿಕ್ಕಿತು.

ಇನ್ನು ಪಾಲಿಕೆಯ ಮಾತು. ನಮ್ಮ ಸಂವಿಧಾನದ ಹನ್ನೆರಡನೆಯ ಅನುಸೂಚಿಯು ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು ಹೆಸರಿಸುತ್ತದೆ. ರಸ್ತೆ, ನೀರು, ಕಸ, ಸ್ಮಶಾನ ಎಲ್ಲವೂ ಅಲ್ಲಿವೆ, ಉಡುಪು ಇಲ್ಲ. 13ನೆಯದಾಗಿ ಸಾಂಸ್ಕೃತಿಕ ಮತ್ತು ಶೈಕ್ಷಣಿಕ ಅಂಶಗಳಿಗೆ ಪ್ರೋತ್ಸಾಹ ಎಂಬುದಿದೆ. ಇಂಡೋನೇಷ್ಯಾದ ಜಿಲ್ಲೆಗಳು ಹೊಕ್ಕ ಬಾಗಿಲು ಇಂಥದೇ ಆಗಿತ್ತಾದರೂ, ಇಷ್ಟು ಸಡಿಲವಾದ ಮಾತಿನಿಂದ ಜನರ ಉಡುಪನ್ನು ಕಡ್ಡಾಯಗೊಳಿಸುವ ಅಧಿಕಾರ ಹುಟ್ಟುತ್ತದೆಂದು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ವಿವಾದವಾದದ್ದು ತದ್ವಿರುದ್ಧ ದಿಕ್ಕಿನಲ್ಲಿ, ಅದೂ ರಾಜ್ಯ ಸರ್ಕಾರದ 2022ರ ಫೆಬ್ರವರಿ 5ರ ಆದೇಶದಿಂದ. ಪಿಯು ಕಾಲೇಜುಗಳ ಸಮವಸ್ತ್ರವನ್ನು ಆಯಾ ಕಾಲೇಜು ಅಭಿವೃದ್ಧಿ ಸಮಿತಿಗೆ ಬಿಟ್ಟ ಆ ಆದೇಶದ ನಂತರ ಹಿಜಾಬ್ ತೊಟ್ಟ ವಿದ್ಯಾರ್ಥಿನಿಯರು ಗೇಟಿನ ಹೊರಗೆ ನಿಂತದ್ದನ್ನು ತುಮಕೂರಿನವರೂ ಕಂಡಿದ್ದಾರೆ. ಹೈಕೋರ್ಟು ಮಾರ್ಚ್ 15ರಂದು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅದನ್ನು ಸರಿಯೆಂದರು, ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅದು ಹುಡುಗಿಯ ಆಯ್ಕೆಗೆ ಬಿಟ್ಟದ್ದೆಂದರು. ಹಾಗಾಗಿ ಪ್ರಕರಣವನ್ನು ವಿಸ್ತೃತ ಪೀಠ ರಚನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ನಿರ್ದೇಶಿಸಲಾಯಿತು.

ನಿಮ್ಮ ನಲವತ್ತು ಜೊತೆಯ ವಿಷಯಕ್ಕೆ ಮಾತ್ರ ಸ್ಪಷ್ಟ ನಿಯಮವಿದೆ. ಕರ್ನಾಟಕ ಶಿಕ್ಷಣ ಕಾಯ್ದೆಯಡಿ 1995ರಲ್ಲಿ ರಚಿಸಿದ ನಿಯಮಗಳ 11ನೆಯ ನಿಯಮದಂತೆ, ಶಾಲೆ ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಿದ್ದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮೊದಲೇ ನೋಟಿಸು ಕೊಡಬೇಕು. ಈ ರಕ್ಷಣೆ ಇರುವುದು ಪೋಷಕರ ಹೆಸರಿನಲ್ಲಿ, ಟೈಲರಿನ ಹೆಸರಿನಲ್ಲಲ್ಲ. ಆದ್ದರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಡುವ ಅರ್ಜಿಗೆ ನಿಮ್ಮ ಗಿರಾಕಿಗಳಾದ ಪೋಷಕರಿಂದಲೇ ಸಹಿ ಹಾಕಿಸಿ. ಮುಂದಿನ ಸಲ ಮಾದರಿಯ ಜೊತೆಗೆ ಶಾಲೆಯ ಮೊಹರಿರುವ ಪತ್ರವನ್ನೂ ಕೇಳಿ ಪಡೆದ ಮೇಲೆಯೇ ಕತ್ತರಿ ಹಾಕಿ.