ಬೆಟ್ಟ ಯಾರದು ಅಂತ ಕೇಳಿದ್ದೀರಿ, ಮೇಷ್ಟ್ರೇ

ಚಿಂತಾಮಣಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: ‘ಅಮೆರಿಕದ ಯೊಸೆಮಿಟಿ ಪಾರ್ಕಿನಲ್ಲಿ ಟೆಂಟ್ ಹಾಕಲು ಐದು ತಿಂಗಳು ಮುಂಚೆ ಜಾಗ ಬುಕ್ ಮಾಡಬೇಕಂತೆ. ಕಳೆದ ಸಂಚಿಕೆಯಲ್ಲಿ ಅದನ್ನು ಬರೆದು, ನಾವೂ ಕಲಿಯಬೇಕು ಅಂತ ಬುದ್ಧಿ ಹೇಳಿದ್ದೀರಿ. ಚಿಕ್ಕಬಳ್ಳಾಪುರದ ಪಕ್ಕದ ನಮ್ಮ ಸ್ಕಂದಗಿರಿ ಬೆಟ್ಟವನ್ನು ಹುಣ್ಣಿಮೆ ರಾತ್ರಿ ಹತ್ತಿ, ಹಾಳುಕೋಟೆಯಲ್ಲಿ ಕಂಬಳಿ ಹೊದ್ದು ಮಲಗಿ ಬಂದವರು ನಾವು. ಯಾರನ್ನೂ ಕೇಳಿರಲಿಲ್ಲ. ಈಗ ಮೊಬೈಲಿನಲ್ಲಿ ಬುಕ್ ಮಾಡದಿದ್ದರೆ ಬುಡದಲ್ಲೇ ತಡೆಯುತ್ತಾರೆ. ರಾತ್ರಿ ಉಳಿಯೋ ಮಾತೇ ಇಲ್ಲ. ಬುಕ್ ಮಾಡೋಣ ಅಂದರೆ ಶನಿವಾರ, ಭಾನುವಾರ ಬೆಂಗಳೂರಿನವರದೇ. ಬೆಟ್ಟ ಯಾರದು ಸ್ವಾಮಿ?’

ಪ್ರಿಯ ಮೇಷ್ಟ್ರೇ,

ನಿಮ್ಮ ಸಿಟ್ಟು ಅರ್ಧ ಸರಿ. ಉಳಿದ ಅರ್ಧದ ಬಗ್ಗೆ ಜಗಳ ಆಡೋಣ.

ಮೊದಲು ಒಂದು ತಪ್ಪೊಪ್ಪಿಗೆ. ‘ಯಾರನ್ನೂ ಕೇಳಿರಲಿಲ್ಲ’ ಅಂತ ಬರೆದಿದ್ದೀರಲ್ಲ, ಆ ಸಾಲಿಗೆ ಬಂದಾಗ ನನಗೆ ಒಂದು ಹಳೆಯ ಪ್ರವಾಸಿ ಬಂಗಲೆ ನೆನಪಾಯಿತು. ಯಾವ ಬೆಟ್ಟದ್ದು ಅಂತ ಹೇಳುವುದಿಲ್ಲ, ನಮ್ಮ ಕಡೆಯದೇ. ಆಗ ನಾನು ಹೊಸದಾಗಿ ಪತ್ರಿಕೆಗೆ ಸೇರಿದ್ದೆ. ಆ ಬಂಗಲೆಯಲ್ಲಿ ರೂಮು ಬೇಕಾದರೆ ಸಾಮಾನ್ಯರು ಅರ್ಜಿ ಬರೆದು ಕಚೇರಿಗೆ ಕೊಡಬೇಕು, ಮಂಜೂರಾದ ಕಾಗದ ಹಿಡಿದು ಬರಬೇಕು. ನಾನು ಒಂದು ಫೋನ್ ಮಾಡಿ ಹೊರಟಿದ್ದೆ.

ಬಂಗಲೆ ನೋಡಿಕೊಳ್ಳುವ ಮೇಟಿ ಒಳ್ಳೆಯ ಮನುಷ್ಯ. ಹಿತ್ತಲಲ್ಲಿ ಹಂಡೆಗೆ ಬೆಂಕಿ ಹಾಕಿದ್ದ. ನನ್ನನ್ನು ಕಂಡವನೇ ಒಳಗೆ ಹೋಗಿ ರಿಜಿಸ್ಟರ್ ತಂದ. ಉದ್ದನೆಯ ಪುಸ್ತಕ, ರಟ್ಟಿನ ಮೂಲೆಗಳೆಲ್ಲ ಹರಿದಿದ್ದವು. ಅವತ್ತಿನ ತಾರೀಖಿನ ಮುಂದೆ ಒಂದು ಹೆಸರು ಪೆನ್ಸಿಲಿನಲ್ಲಿ ಬರೆದಿತ್ತು. ಅದನ್ನು ರಬ್ಬರಿನಿಂದ ಉಜ್ಜಿ, ಉಫ್ ಅಂತ ಊದಿ, ನನ್ನ ಹೆಸರು ಬರೆದ. ‘ಇಂಕಲ್ಲಿ ಯಾಕೆ ಬರೆಯಲ್ಲ?’ ಅಂದೆ. ‘ಇಂಕು ಅಳಿಸಕ್ಕಾಗಲ್ಲವಲ್ಲ ಸಾರ್’ ಅಂದ. ಸಂಜೆ ಹೊತ್ತಿಗೆ ಆ ಪೆನ್ಸಿಲ್ ಹೆಸರಿನವರು ಬಂದರು. ಗಂಡ, ಹೆಂಡತಿ, ಎರಡು ಮಕ್ಕಳು. ಕೈಯಲ್ಲಿ ಮಂಜೂರಾತಿ ಕಾಗದವೂ ಇತ್ತು. ಮೇಟಿ ಅವರಿಗೆ ಕಾಫಿ ಮಾಡಿಕೊಟ್ಟು, ಕೊನೆ ಬಸ್ಸಿಗೆ ಇನ್ನೂ ಟೈಮಿದೆ ಅಂತ ಹೇಳಿ ಕಳಿಸಿದ. ನಾನು ಕಿಟಕಿಯಿಂದ ನೋಡಿದೆ. ಹೊರಗೆ ಬಂದು ‘ನೀವೇ ಇರಿ’ ಅನ್ನಲಿಲ್ಲ.

ಈಗ ಹೇಳಿ. ಹಳೆಯ ಪದ್ಧತಿ ಎಲ್ಲರಿಗೂ ತೆರೆದಿತ್ತಾ? ನಿಮಗೆ, ನನಗೆ ತೆರೆದಿತ್ತು. ನೀವು ಆ ಕಡೆಯ ಮೇಷ್ಟ್ರು, ಬೆಟ್ಟದ ಬುಡದ ಕಳವಾರದಲ್ಲಿ ನಾಲ್ಕು ಮನೆಯವರಾದರೂ ಪರಿಚಯ. ದಾರಿ ತೋರಿಸೋಕೆ ಶಿಷ್ಯರೇ ಇದ್ದರು. ಅದೇ ಹತ್ತಲು ಶುರುಮಾಡುವ ಪಾಪಾಗ್ನಿ ಮಠದ ಹತ್ತಿರ ರಾತ್ರಿ ಹನ್ನೊಂದಕ್ಕೆ ಎರಡು ಹೆಣ್ಣುಮಕ್ಕಳು ಬಂದು ನಿಂತಿದ್ದರೆ ಅವರಿಗೂ ಬೆಟ್ಟ ಅಷ್ಟೇ ಸಲೀಸಾಗಿತ್ತಾ? ನನಗೆ ಅನುಮಾನ.

ಯೊಸೆಮಿಟಿ ಲೇಖನದಲ್ಲಿ ನಾವು ಜಾಗ ಸಾಲದೆ ಬಿಟ್ಟ ವಿಷಯವೇ ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಅಲ್ಲಿ ಕ್ಯಾಂಪ್ 4 ಅಂತ ಒಂದು ಜಾಗ ಇದೆ. ಬಂಡೆ ಹತ್ತುವವರ ತವರು ಅಂತಲೇ ಅದಕ್ಕೆ ಹೆಸರು. ಕಣಿವೆಯ ಉಳಿದ ಕಡೆ ಬುಕಿಂಗ್ ಬಂದು ಎಷ್ಟೋ ಕಾಲವಾದರೂ, ಇಲ್ಲಿ ಮಾತ್ರ ಮೊದಲು ಬಂದವರಿಗೆ ಮೊದಲ ಜಾಗ ಅಂತಿತ್ತು. ನಸುಕಿಗೇ ಎದ್ದು, ಚಳಿಯಲ್ಲಿ ಮಲಗುವ ಚೀಲ ಸುತ್ತಿಕೊಂಡು ಕ್ಯೂ ನಿಲ್ಲುತ್ತಿದ್ದರು. ಬೆಳಿಗ್ಗೆ ರೇಂಜರ್ ಬಂದು ಜಾಗ ಹಂಚುತ್ತಿದ್ದ. ಒಂದು ಜಾಗಕ್ಕೆ ಆರು ಜನ, ಗುರುತಿಲ್ಲದವರಾದರೂ ಹೊಂದಿಕೊಳ್ಳಬೇಕು. ನಮ್ಮ ಜಾತ್ರೆಯ ಛತ್ರದ ಹಾಗೆ ಅಂದುಕೊಳ್ಳಿ.

1997ರ ಜನವರಿಯಲ್ಲಿ ಮರ್ಸೆಡ್ ನದಿ ಉಕ್ಕಿ ಕಣಿವೆಗೆ ನುಗ್ಗಿತು. ನದಿ ದಡದ ಎರಡು ದೊಡ್ಡ ಕ್ಯಾಂಪುಗಳು ಹಾಳಾದವು, ಮತ್ತೆ ತೆರೆಯಲಿಲ್ಲ. ಟೆಂಟಿನ ಜಾಗ ಕಡಿಮೆಯಾಯಿತು, ಬರುವ ಜನ ಮಾತ್ರ ಜಾಸ್ತಿಯಾದರು. ಅದೇ ಪ್ರವಾಹದ ನೆಪದಲ್ಲಿ ಕ್ಯಾಂಪ್ 4ರ ಪಕ್ಕ ಕಟ್ಟಡ ಎಬ್ಬಿಸಲು ಹೊರಟಾಗ ಬಂಡೆ ಹತ್ತುವವರು ಕೋರ್ಟಿಗೆ ಹೋದರು. 2003ರಲ್ಲಿ ಆ ಜಾಗ ಅಮೆರಿಕದ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿತು. ಅರಮನೆಯಲ್ಲ, ಗುಡಿಯಲ್ಲ. ಒಂದಿಷ್ಟು ಬಂಡೆ, ಮರ, ಟೆಂಟ್ ಹಾಕುವ ಮಣ್ಣು. ಆದರೂ ಕ್ಯೂ ಉಳಿಯಲಿಲ್ಲ ನೋಡಿ. 2019ರಲ್ಲಿ ಪ್ರಯೋಗಕ್ಕೆ ಅಂತ ಲಾಟರಿ ತಂದರು, ಆಮೇಲೆ ಅಲ್ಲಿಗೂ ಬುಕಿಂಗ್ ಬಂತು. ಅಲ್ಲಿಯ ಹಳಬರೂ ನಿಮ್ಮ ಹಾಗೇ ಗೊಣಗಿದ್ದಾರೆ.

ಅವರ ಗೊಣಗಾಟದಲ್ಲಿ ನ್ಯಾಯ ಇದೆ. ಕ್ಯೂ ನಿಲ್ಲಲು ದುಡ್ಡು ಬೇಡ, ಇಂಟರ್ನೆಟ್ ಬೇಡ, ಇವತ್ತು ಹೊರಡೋಣ ಅಂತ ಇವತ್ತೇ ಅನ್ನಿಸಿದರೆ ಸಾಕು. ಆದರೆ ಪುರುಸೊತ್ತು ಬೇಕು. ನೂರಾರು ಮೈಲಿ ದೂರದಿಂದ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬಂದವರು, ಜಾಗ ಸಿಗದಿದ್ದರೆ ರಾತ್ರಿ ಎಲ್ಲಿಗೆ ಹೋಗಬೇಕು? ಬುಕಿಂಗ್ ಬಂದಾಗ ಅವರಿಗೆ ಅನುಕೂಲವಾಯಿತು, ಪುರುಸೊತ್ತಿನವರಿಗೆ ಕಷ್ಟವಾಯಿತು. ಕಣಿವೆಯ ದೊಡ್ಡ ಕ್ಯಾಂಪುಗಳಿಗಂತೂ ತಿಂಗಳ 15ನೇ ತಾರೀಖು ಬೆಳಿಗ್ಗೆ 7 ಗಂಟೆಗೆ, ಐದು ತಿಂಗಳ ಮುಂದಿನ ಜಾಗಗಳು ತೆರೆಯುತ್ತವೆ. ಬೇಸಿಗೆಯ ತಾರೀಖುಗಳು ಕೆಲವೇ ನಿಮಿಷದಲ್ಲಿ ಖಾಲಿ. ನಮ್ಮಲ್ಲಿ ತತ್ಕಾಲ್ ಟಿಕೆಟ್ ಬುಕ್ ಮಾಡಿದವರಿಗೆ ಈ ಎದೆಬಡಿತ ವಿವರಿಸಬೇಕಿಲ್ಲ.

ನಮ್ಮ ಲೇಖನ ಮೆಚ್ಚಿದ್ದು ಆ ಓಟವನ್ನಲ್ಲ, ಅದರ ಸುತ್ತ ಕಟ್ಟಿದ ಬೇಲಿಯನ್ನು. ಬುಕ್ ಮಾಡಿದವರು ಫೋಟೊ ಇರುವ ಗುರುತಿನ ಚೀಟಿ ಹಿಡಿದು ತಾವೇ ಬರಬೇಕು, ಜಾಗವನ್ನು ಇನ್ನೊಬ್ಬರಿಗೆ ಮಾರುವ ಹಾಗಿಲ್ಲ. ಬೇಸಿಗೆ ತಿಂಗಳುಗಳಲ್ಲಿ ಒಬ್ಬರು ಕಣಿವೆಯಲ್ಲಿ ಒಟ್ಟು 7 ರಾತ್ರಿ ಮಾತ್ರ ಇರಬಹುದು. ಒಬ್ಬರೇ ತಿಂಗಳುಗಟ್ಟಲೆ ಬೀಡು ಬಿಡುವಂತಿಲ್ಲ. ಪೆನ್ಸಿಲೂ ಇಲ್ಲ, ರಬ್ಬರೂ ಇಲ್ಲ. ‘ನಾವೂ ಕಲಿಯಬೇಕು’ ಅಂದಿದ್ದು ಅದಕ್ಕೆ. ಅದನ್ನು ಬಿಡಿಸಿ ಬರೆಯದೇ ಇದ್ದದ್ದು ನಮ್ಮ ತಪ್ಪು.

ಇನ್ನು ಇಲ್ಲಿಯದು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದರಲ್ಲ, ಆ ವಿಡಿಯೊ ನೀವೂ ನೋಡಿರುತ್ತೀರಿ. ಕಾಡಿನ ದಾರಿಯೋ, ತೇರಿನ ಬೀದಿಯೋ ಗೊತ್ತಾಗುತ್ತಿರಲಿಲ್ಲ. ಆಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದ ದಾರಿಗಳನ್ನು ತಾತ್ಕಾಲಿಕವಾಗಿ ಮುಚ್ಚಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನ, ಒಂದು ಮೊಬೈಲ್ ನಂಬರಿಗೆ 10 ಟಿಕೆಟ್ ಅಂತ ಮಿತಿ ಹಾಕಿದರು. ಸ್ಕಂದಗಿರಿಗೆ ಅದಕ್ಕೂ ಮುಂಚೆಯೇ ಆನ್‌ಲೈನ್ ಬುಕಿಂಗ್ ಇತ್ತು.

ರಾತ್ರಿ ಉಳಿಯುವ ವಿಷಯದಲ್ಲಿ ನಾನು ನಿಮ್ಮ ಪರ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನೀವು ಕಂಬಳಿ ಹೊದ್ದು ಮಲಗಿದಾಗ ಮೇಲೆ ಎಂಟು ಜನ ಇದ್ದಿರಬಹುದು. ಆಮೇಲಿನ ವರ್ಷಗಳಲ್ಲಿ ನಾನೂ ಒಮ್ಮೆ ಹತ್ತಿದ್ದೆ. ತುದಿಯಲ್ಲಿ ಸ್ಟೌ ಹಚ್ಚಿ ಆಮ್ಲೆಟ್ ಹಾಕುತ್ತಿದ್ದರು, ಸ್ಪೀಕರಿನಲ್ಲಿ ಹಾಡು, ಕೋಟೆ ಗೋಡೆಗೆ ಒರಗಿಸಿ ಕ್ಯಾಂಪ್‌ಫೈರ್. ಫೆಬ್ರವರಿ, ಮಾರ್ಚಿನಲ್ಲಿ ಆ ಬೆಟ್ಟದ ಹುಲ್ಲು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಒಂದು ಕಿಡಿ ಸಾಕು. (ಆಮ್ಲೆಟ್ ನಾನೂ ತಿಂದೆ. ಚೆನ್ನಾಗಿತ್ತು.)

ಹಾಗಾದರೆ ನಿಮ್ಮ ಅರ್ಧ ಸರಿ ಎಲ್ಲಿದೆ? ‘ಬೆಟ್ಟದ ಬುಡದ ಊರಿನವನಿಗೂ ಬೆಂಗಳೂರಿನವನಿಗೂ ಒಂದೇ ಕ್ಯೂ ಯಾಕೆ’ ಅಂತ ಎರಡನೇ ಪುಟದಲ್ಲಿ ಕೇಳಿದ್ದೀರಲ್ಲ, ಅಲ್ಲಿದೆ. ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ, ತಿರುಪತಿ ಬಸ್ ಹತ್ತಿದರೆ ಸಾಕು. ನಿಮ್ಮ ಕಡೆಯವರು ವರ್ಷಕ್ಕೆ ಒಂದು ಸಲವಾದರೂ ಹೋಗುತ್ತಾರೆ ಅಲ್ವಾ? 300 ರೂಪಾಯಿ ದರ್ಶನದ ಟಿಕೆಟನ್ನು ತಿಂಗಳುಗಳ ಮುಂಚೆ ಆನ್‌ಲೈನಿನಲ್ಲಿ ಬಿಡುತ್ತಾರೆ. ಅದು ಸಿಗದವರಿಗೆ ತಿರುಪತಿಯ ಕೌಂಟರಿನಲ್ಲಿ ಉಚಿತ ಟೋಕನ್ ಇದೆ. ಅಷ್ಟೇ ಅಲ್ಲ, 2024ರ ಡಿಸೆಂಬರಿನಿಂದ ತಿಂಗಳ ಮೊದಲ ಮಂಗಳವಾರ ತಿರುಪತಿ, ತಿರುಮಲದ ಸ್ಥಳೀಯರಿಗೆ ಬೇರೆಯೇ ದರ್ಶನ ಇಟ್ಟಿದ್ದಾರೆ. ಆಧಾರ್ ತೋರಿಸಿ ಟೋಕನ್ ತಗೊಳ್ಳಬೇಕು. ಮೂರು ಬಾಗಿಲು: ಮೊದಲೇ ಯೋಚಿಸಿ ಹೊರಟವರಿಗೆ ಒಂದು, ಸುಮ್ನೆ ಎದ್ದು ಬಂದವರಿಗೆ ಒಂದು, ಊರಿನವರಿಗೆ ಒಂದು.

ಸ್ಕಂದಗಿರಿಗೂ, ಕೋಲಾರದ ಅಂತರಗಂಗೆಗೂ ಇದನ್ನೇ ಕೇಳೋಣ. 300ರಲ್ಲಿ 30 ಟಿಕೆಟ್ ಬುಡದಲ್ಲೇ ಕೊಡಲಿ, ಬೆಳಿಗ್ಗೆ ಬಂದು ನಿಂತವರಿಗೆ. ವಾರದಲ್ಲಿ ಒಂದು ದಿನ ತಾಲ್ಲೂಕಿನವರಿಗೆ ಇರಲಿ, ಅದು ಭಾನುವಾರವೇ ಆಗಬೇಕಿಲ್ಲ. ಆದರೆ ಆ 30 ಟಿಕೆಟ್‌ನ ಪುಸ್ತಕ ಇಂಕಿನಲ್ಲಿ ಇರಬೇಕು. ಇಲ್ಲದಿದ್ದರೆ ನನ್ನಂಥವನೊಬ್ಬ ಫೋನ್ ಮಾಡಿ ಹೊರಟೇಬಿಡುತ್ತಾನೆ. ನಿಮ್ಮ ಪತ್ರದ ಎರಡನೇ ಪುಟವನ್ನು, ಹೆಸರು ತೆಗೆದು, ಅರಣ್ಯ ಇಲಾಖೆಗೆ ಕಳಿಸುತ್ತಿದ್ದೇನೆ. ನಾಲ್ಕನೇ ಪುಟ ಕಳಿಸುವುದಿಲ್ಲ. ಅಲ್ಲಿ ಬಳಸಿದ ಒಂದೆರಡು ಮಾತು ಮೇಷ್ಟ್ರು ಬರೆಯುವಂಥದ್ದಲ್ಲ.

ಕೊನೆಗೆ ಪೆನ್ನಿನಲ್ಲಿ ಅಡ್ಡಡ್ಡ ಬರೆದಿದ್ದೀರಿ: ಮೊಮ್ಮಗನಿಗೆ ಬೆಟ್ಟ ತೋರಿಸಬೇಕು, ಬುಕ್ ಮಾಡಲು ಬರುವುದಿಲ್ಲ ಅಂತ. ಅದಕ್ಕೆ ಇಷ್ಟು ದೊಡ್ಡ ಪತ್ರ ಬೇಕಿತ್ತಾ? ಚಿಕ್ಕಬಳ್ಳಾಪುರಕ್ಕೆ ಬಂದಾಗ ನಮ್ಮ ಆಫೀಸಿಗೆ ಬನ್ನಿ. ಪುಟ ಕಟ್ಟುವ ಹುಡುಗ ಐದು ನಿಮಿಷದಲ್ಲಿ ಮಾಡಿಕೊಡುತ್ತಾನೆ. ಶನಿವಾರ, ಭಾನುವಾರ ಬೇಡ, ಬುಧವಾರವೋ ಗುರುವಾರವೋ ನೋಡೋಣ. ಹತ್ತಲು ಸುಮಾರು 4 ಕಿಲೋಮೀಟರ್, ಮಂಡಿಗೆ ಎಣ್ಣೆ ಹಚ್ಚಿಕೊಂಡು ಹೊರಡಿ. ಇಬ್ಬರ ಗುರುತಿನ ಚೀಟಿಯೂ ಬೇಕಾಗುತ್ತದೆ, ಮೊಮ್ಮಗನದು ಮರೆಯಬೇಡಿ.

— ಸಂ.